ಬಣ್ಣ ಹೊಂದಿಸುವಿಕೆ: ಹಳೆಯ ವಸ್ತುಗಳ ದುರಸ್ತಿಯಲ್ಲಿ

ಬಣ್ಣ ಬಳಿದ ಹಳೆಯ ವಸ್ತುವಿನ ಮೈಯಲ್ಲಿ ಬಣ್ಣ ಉದುರಿದ, ಕೆರೆದುಹೋದ ಅಥವಾ ತುಕ್ಕು ತಿಂದ ಜಾಗಕ್ಕೆ ಮಾತ್ರ ಹೊಸ ಬಣ್ಣ ಹಚ್ಚಿ, ಅದು ಸುತ್ತಲಿನ ಹಳೆಯ ಬಣ್ಣದಲ್ಲಿ ಸೇರಿಹೋಗುವಂತೆ ಮಾಡುವ ಕೆಲಸವೊಂದಿದೆ. ಪೇಂಟರುಗಳ ಮಾತಿನಲ್ಲಿ ಇದು ‘ಟಚಪ್’. ಅದರ ಕಠಿಣ ಭಾಗ ಶೇಡ್ ಹೊಂದಿಸುವುದು. ಇಡೀ ವಸ್ತುವನ್ನು ಕೆರೆದು ಹೊಸದಾಗಿ ಬಣ್ಣ ಹೊಡೆಯುವುದಕ್ಕಿಂತ ಅಂಗೈಯಗಲದ ಜಾಗಕ್ಕೆ ಬಣ್ಣ ಹೊಂದಿಸುವುದು ಕಷ್ಟ. ಪೂರ್ತಿ ಹೊಡೆದಾಗ ಪಕ್ಕದಲ್ಲಿ ಹೋಲಿಸಿ ನೋಡಲು ಏನೂ ಉಳಿದಿರುವುದಿಲ್ಲ. ಟಚಪ್‌ನಲ್ಲಾದರೆ ಹಳೆಯದು ಹೊಸದಕ್ಕೆ ತಾಗಿಕೊಂಡೇ ಇರುತ್ತದೆ, ಸಣ್ಣ ವ್ಯತ್ಯಾಸವೂ ಕಣ್ಣಿಗೆ ಚುಚ್ಚುತ್ತದೆ.

ಹಳೆಯ ವಿಡಿಯೋ ಗೇಮ್ ಯಂತ್ರಗಳನ್ನು ದುರಸ್ತಿ ಮಾಡುವ ಹವ್ಯಾಸಿಗಳು, ಕಾರು ಮತ್ತು ಟ್ರಾಕ್ಟರುಗಳ ಡೆಂಟಿಂಗ್-ಪೇಂಟಿಂಗ್ ಅಂಗಡಿಯವರು, ಭಿತ್ತಿಚಿತ್ರ ಕಾಪಾಡುವ ಪುರಾತತ್ವ ಇಲಾಖೆಯ ರಸಾಯನ ತಜ್ಞರು, ಈ ಮೂವರೂ ಮಾಡುವುದು ಒಂದೇ ಕೆಲಸ. ಮೂವರಿಗೂ ಎದುರಾಗುವ ಮೊದಲ ಪ್ರಶ್ನೆಯೂ ಒಂದೇ: ಯಾವ ಬಣ್ಣಕ್ಕೆ ಹೊಂದಿಸಬೇಕು? ಕಾರ್ಖಾನೆಯಿಂದ ಹೊರಬಿದ್ದ ದಿನದ ಬಣ್ಣಕ್ಕೋ, ಇವತ್ತು ಎದುರಿಗಿರುವ ಬಣ್ಣಕ್ಕೋ? ಕಂಪನಿಯ ಡಬ್ಬಿಯನ್ನೇ ತಂದು ಹಚ್ಚಿದರೂ ತೇಪೆ ಎದ್ದು ಕಾಣುವುದಕ್ಕೆ ಕಾರಣ ಈ ಪ್ರಶ್ನೆಯನ್ನು ಕೇಳಿಕೊಳ್ಳದೇ ಇರುವುದು. ಡಬ್ಬಿಯೊಳಗಿರುವುದು ಅಂದಿನ ಬಣ್ಣ. ವಸ್ತುವಿನ ಮೇಲಿರುವುದು ಬಿಸಿಲು, ಹೊಗೆ, ಎಣ್ಣೆಕೈಗಳನ್ನು ದಾಟಿ ಬಂದ ಬೇರೆಯೇ ಬಣ್ಣ.

ಬಣ್ಣ ಮುಪ್ಪಾಗುವ ಬಗೆ

ಯಾವ ಪೇಂಟಿನಲ್ಲೂ ಮುಖ್ಯವಾಗಿ ಎರಡು ಅಂಶಗಳಿರುತ್ತವೆ. ಒಂದು ಬಣ್ಣ ಕೊಡುವ ಪುಡಿ, ಇನ್ನೊಂದು ಆ ಪುಡಿಯನ್ನು ಹಿಡಿದಿಡುವ ಅಂಟು. ಎರಡೂ ಬೇರೆಬೇರೆ ರೀತಿಯಲ್ಲಿ ಕೆಡುತ್ತವೆ. ಅಗಸೆ ಎಣ್ಣೆ ಅಥವಾ ಆಲ್ಕಿಡ್ ಅಂಟಿನ ಎನಾಮಲ್ ಬಿಸಿಲಿಗೆ ಬಿದ್ದಾಗ ಮೇಲ್ಪದರದ ಅಂಟು ಸುಟ್ಟು, ಪುಡಿ ಸಡಿಲಾಗುತ್ತದೆ. ಹಳೆಯ ಟ್ರಾಕ್ಟರಿನ ಬಾನೆಟ್ ಮೇಲೆ ಬೆರಳಾಡಿಸಿದರೆ ಬೆರಳಿಗೆ ಹತ್ತುವ ಕೆಂಪು ಪುಡಿ ಅದೇ. ಅದೇ ಎನಾಮಲ್ ಕತ್ತಲಲ್ಲಿದ್ದರೆ ಬೇರೆ ರೋಗ: ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ. ಬೀರುವಿನ ಹೊರಬಾಗಿಲು ಬೆಳ್ಳಗಿದ್ದು ಒಳಮೈ ಕೆನೆಬಣ್ಣವಾಗಿರುವುದಕ್ಕೆ ಬೇರೆ ಡಬ್ಬಿಯ ಬಣ್ಣ ಹಚ್ಚಿದ್ದೇ ಕಾರಣವಾಗಿರಬೇಕಿಲ್ಲ.

ಪುಡಿಗಳ ಗುಣವೂ ಒಂದೇ ಅಲ್ಲ. ಕಾಡಿಗೆಕಪ್ಪು, ಕೆಮ್ಮಣ್ಣು, ಹಳದಿ ಮಣ್ಣು ಬಿಸಿಲಿಗೆ ಜಗ್ಗುವುದಿಲ್ಲ. ಹಲವು ಸಾವಯವ ಕೆಂಪು ಮತ್ತು ಗುಲಾಬಿ ಪುಡಿಗಳು ಬೇಗ ಮಾಸುತ್ತವೆ. 1828ರಲ್ಲಿ ಫ್ರಾನ್ಸಿನಲ್ಲಿ ತಯಾರಿಕೆ ಶುರುವಾದ ಕೃತಕ ಅಲ್ಟ್ರಾಮರೀನ್ ನೀಲಿ ಸುಣ್ಣದೊಳಗೂ ನಿಲ್ಲುತ್ತದೆ, ಆದರೆ ಆಮ್ಲ ತಾಗಿದರೆ ಬಿಳಚುತ್ತದೆ. ಪ್ರಶಿಯನ್ ನೀಲಿ ಇದಕ್ಕೆ ತದ್ವಿರುದ್ಧ. ಅದು ಸುಣ್ಣದಲ್ಲಿ ಉಳಿಯುವುದೇ ಇಲ್ಲ. ಮನೆಗೆ ನೀಲಿ ಸುಣ್ಣ ಹೊಡೆದು ಗೊತ್ತಿದ್ದವರಿಗೆ ಯಾವ ನೀಲಿ ಸುಣ್ಣದಲ್ಲಿ ನಿಲ್ಲುತ್ತದೆಂಬುದು ಪುಸ್ತಕ ಓದದೆಯೂ ಗೊತ್ತಿರುತ್ತದೆ. ಸೀಸದ ಕ್ರೋಮೇಟ್‌ನಿಂದಾದ ಕ್ರೋಮ್ ಹಳದಿ ಹಳತಾದಂತೆ ಕಂದು ಬಣ್ಣಕ್ಕೆ ಜಾರುತ್ತದೆ. ಲಾರಿಗಳ ಹಳದಿ, ಹಳೆಯ ಯಂತ್ರಗಳ ಹಳದಿ ಬಹುಮಟ್ಟಿಗೆ ಇದೇ ಆಗಿತ್ತು.

ಆದ್ದರಿಂದ ಒಂದೇ ವಸ್ತುವಿನ ಮೇಲೆ ಒಂದೇ ದಿನ ಹಚ್ಚಿದ ಮೂರು ಬಣ್ಣಗಳು ಮೂವತ್ತು ವರ್ಷಗಳ ಬಳಿಕ ಮೂರು ದಾರಿ ಹಿಡಿದಿರುತ್ತವೆ. ಕೆಂಪು ಮಾಸಿ, ಹಳದಿ ಕಂದಿ, ಕಪ್ಪು ಮಾತ್ರ ಇದ್ದಂತೆಯೇ ಇರುತ್ತದೆ.

ಆಟದ ಯಂತ್ರಗಳು

ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಗಳ ಯುಗ ಶುರುವಾದದ್ದು 1972ರ ‘ಪಾಂಗ್’ ಯಶಸ್ಸಿನಿಂದ. 1978ರ ‘ಸ್ಪೇಸ್ ಇನ್ವೇಡರ್ಸ್’, 1980ರ ‘ಪ್ಯಾಕ್-ಮ್ಯಾನ್’ ಅದನ್ನು ಜಗತ್ತಿನ ತುಂಬ ಹರಡಿದವು. ಈ ಪೆಟ್ಟಿಗೆಗಳು ಹೆಚ್ಚಾಗಿ ಪ್ಲೈವುಡ್ ಅಥವಾ ಮರದ ಪುಡಿಯ ಹಲಗೆಯವು. ಅಂದಿನ ಅನೇಕ ಪೆಟ್ಟಿಗೆಗಳ ಪಕ್ಕದ ಚಿತ್ರಗಳನ್ನು ಅಚ್ಚುಹಾಳೆ ಇಟ್ಟು, ಒಂದರ ಮೇಲೊಂದು ಬಣ್ಣ ಸಿಂಪಡಿಸಿ ಮಾಡಿರುತ್ತಿದ್ದರು. ಬಣ್ಣಗಳ ಅಂಚು ಒಂದರ ಮೇಲೊಂದು ಹತ್ತಿಕೊಂಡಿರುವುದು, ಕೆಲವು ಕಡೆ ಬಣ್ಣದ ಮಂಜು ಗೆರೆ ದಾಟಿ ಚೆಲ್ಲಿರುವುದು ಆ ಕೆಲಸದ ಗುರುತು. ಜಾಗರೂಕ ದುರಸ್ತಿಗಾರ ಆ ಗುರುತನ್ನು ಅಳಿಸುವುದಿಲ್ಲ.

ಪೆಟ್ಟಿಗೆಯ ತಯಾರಕರು ಸಾಮಾನ್ಯವಾಗಿ ಬಣ್ಣದ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆ ಬರೆದಿಡದ ಕಾರಣ ಸಾಕ್ಷ್ಯವನ್ನು ಪೆಟ್ಟಿಗೆಯಲ್ಲೇ ಹುಡುಕಬೇಕು. ಗುಂಡಿಗಳ ಫಲಕ ಬಿಚ್ಚಿದರೆ ಅದರ ಅಡಿಯಲ್ಲಿ, ಅಂಚಿಗೆ ಕೂರಿಸಿದ ಪ್ಲಾಸ್ಟಿಕ್ ಪಟ್ಟಿಯ ಹಿಂದೆ, ಮೇಲಿನ ದೀಪದ ಫಲಕವನ್ನು ಹಿಡಿದ ತಗಡಿನ ಕೆಳಗೆ ಬೆಳಕು ಕಾಣದ ಮೂಲಬಣ್ಣ ಸಿಗುತ್ತದೆ. ಪೂರ್ತಿ ಮರುಬಣ್ಣಕ್ಕೆ ಅದು ಆಧಾರ. ಟಚಪ್‌ಗೆ ಅದನ್ನು ನಂಬಿದರೆ ಕೆಟ್ಟಿತು. ಅಲ್ಲಿ ಪಕ್ಕದ ಮಾಸಿದ ಬಣ್ಣವೇ ಗುರು. ಕೆಲವೊಮ್ಮೆ ಕೆಳಗೆ ಬೇರೆಯೇ ಬಣ್ಣ ಬರುತ್ತದೆ. ‘ಡಾಂಕಿ ಕಾಂಗ್’ನ ಮೊದಲ ಪೆಟ್ಟಿಗೆಗಳು ಮಾರಾಟವಾಗದೆ ಉಳಿದ ‘ರಾಡಾರ್ ಸ್ಕೋಪ್’ ಆಟದ ಕೆಂಪು ಪೆಟ್ಟಿಗೆಗಳೇ ಆಗಿದ್ದವು. ಆ ಮಾದರಿಯ ನೀಲಿಯೇ ಅಸಲಿ, ಕೆಂಪು ನಕಲಿ ಎಂದುಕೊಂಡು ಕೆಂಪು ಪೆಟ್ಟಿಗೆಗೆ ನೀಲಿ ಬಳಿದವನು ಅದರ ಇತಿಹಾಸಕ್ಕೇ ಬಣ್ಣ ಬಳಿದಂತೆ.

ನಮ್ಮಲ್ಲಿ ಈ ಪೆಟ್ಟಿಗೆಗಳ ಹತ್ತಿರದ ನೆಂಟನೆಂದರೆ ದೊಡ್ಡ ರೈಲು ನಿಲ್ದಾಣಗಳಲ್ಲಿದ್ದ ತೂಕದ ಯಂತ್ರ. ನಾಣ್ಯ ಹಾಕಿದರೆ ಬಣ್ಣದ ಬಲ್ಬುಗಳು ಮಿನುಗಿ, ಚಕ್ರ ತಿರುಗಿ, ತೂಕದ ಜೊತೆ ಭವಿಷ್ಯದ ಒಂದು ಸಾಲು ಅಚ್ಚಾದ ಚೀಟಿ ಬೀಳುತ್ತಿತ್ತು. ಈಗ ಅವೂ ಸಂಗ್ರಾಹಕರ ವಸ್ತುಗಳಾಗುತ್ತಿವೆ. ದುರಸ್ತಿಯ ತೊಡಕುಗಳೂ ಅವೇ.

ಆಳಂದ, ಅಫಜಲಪುರ, ಜೇವರ್ಗಿಯ ನೆಲದಲ್ಲಿ

ಇದೇ ವಿದ್ಯೆ ಹಳ್ಳಿಗಾಡಿನಲ್ಲಿ ಹೇಗೆ ನಡೆಯುತ್ತದೆಂಬುದಕ್ಕೆ ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳನ್ನು ನೋಡಬಹುದು; ಇವು ತೊಗರಿ ಮತ್ತು ಕಬ್ಬಿನ ನಾಡು. ಅಫಜಲಪುರದ ಹವಳಗಾದಲ್ಲಿಯೂ ಆಳಂದದ ಭೂಸನೂರಿನಲ್ಲಿಯೂ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಟ್ರಾಕ್ಟರು, ಟ್ರೇಲರು. ಜೇವರ್ಗಿಯು ಕಲಬುರಗಿ–ವಿಜಯಪುರ ಹೆದ್ದಾರಿಯ ಊರು, ಲಾರಿಗಳ ಓಡಾಟ ನಿಲ್ಲುವುದಿಲ್ಲ. ಹೀಗಾಗಿ ಇಲ್ಲಿ ಬಣ್ಣ ಹೊಂದಿಸುವ ವಿದ್ಯೆ ಬೆಳೆಯುವುದು ವಾಹನಗಳ ಮೇಲೆ, ರಸ್ತೆಬದಿಯ ಶೆಡ್ಡುಗಳಲ್ಲಿ. ಮನೆಯ ವಸ್ತುಗಳಲ್ಲಿ ಕಬ್ಬಿಣದ ಟ್ರಂಕು, ಮಂಚ, ಕೂಲರು ಮತ್ತು ಬೀರು ಇದೇ ಶೆಡ್ಡಿಗೆ ಬರುತ್ತವೆ.

ಇವುಗಳಲ್ಲಿ ಎಲ್ಲಕ್ಕಿಂತ ಮೊಂಡು ಹಳೆಯ ಕಬ್ಬಿಣದ ಬೀರು. ಗೋದ್ರೇಜ್ ಕಂಪನಿ 1923ರಲ್ಲಿ ಉಕ್ಕಿನ ಬೀರು ತಯಾರಿಸತೊಡಗಿತು. ಮುಂದೆ ಯಾರು ಮಾಡಿದ ಬೀರಾದರೂ ಜನರ ಬಾಯಲ್ಲಿ ‘ಗೋದ್ರೇಜ್’ ಆಯಿತು, ಮದುವೆಯ ಸಾಮಾನಿನ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಈ ಬೀರುಗಳಲ್ಲಿ ಅನೇಕಕ್ಕೆ ಹ್ಯಾಮರ್‌ಟೋನ್ ಎಂಬ ಬಣ್ಣವಿದೆ. ಸುತ್ತಿಗೆಯಿಂದ ಬಡಿದ ತಾಮ್ರದಂತೆ ಸಣ್ಣ ಸಣ್ಣ ಕುಳಿಗಳು ಕಾಣುತ್ತವೆ. ಅಲ್ಯೂಮಿನಿಯಂ ಚೂರುಗಳು ಮತ್ತು ಸ್ವಲ್ಪ ಸಿಲಿಕೋನ್ ಬೆರೆತ ಪೇಂಟು ಒಣಗುವಾಗ ತಾನಾಗಿ ಈ ವಿನ್ಯಾಸ ಮೂಡುತ್ತದೆ. ಕುಳಿಯ ಗಾತ್ರ ಪದರದ ದಪ್ಪವನ್ನೂ ಥಿನ್ನರಿನ ಪ್ರಮಾಣವನ್ನೂ ಅವಲಂಬಿಸಿದೆ. ಬ್ರಷ್ಷಿನಲ್ಲಿ ತೇಪೆ ಹಾಕಿದರೆ ಬಣ್ಣ ಹೊಂದಬಹುದು, ಕುಳಿ ಹೊಂದುವುದಿಲ್ಲ. ಇಲ್ಲಿ ಬುದ್ಧಿವಂತಿಕೆ ಏನೆಂದರೆ ಕಲೆಯಾದ ಜಾಗಕ್ಕಷ್ಟೇ ಅಲ್ಲ, ಇಡೀ ಬಾಗಿಲಿಗೆ ಸ್ಪ್ರೇ ಗನ್ ಹಿಡಿಯುವುದು, ಬಾಗಿಲಿನ ಅಂಚಿಗೆ ನಿಲ್ಲಿಸುವುದು. ವಾಹನಗಳಿಗೂ ಇದೇ ನಿಯಮ. ತೇಪೆಯನ್ನು ಬಯಲಲ್ಲಿ ಮುಗಿಸಬಾರದು. ಜೋಡಣೆಯ ಸಂದು, ಮಡಿಕೆ, ಬೀಡಿಂಗ್, ಬರೆದ ಗೆರೆ, ಇಂಥ ಯಾವುದಾದರೊಂದು ಗಡಿ ಸಿಗುವ ತನಕ ಒಯ್ಯಬೇಕು. ಗಡಿಯ ಎರಡು ಬದಿಯ ಮೈಗಳು ಬೆಳಕನ್ನು ಬೇರೆ ಕೋನದಲ್ಲಿ ಹಿಡಿಯುವುದರಿಂದ ಸಣ್ಣ ವ್ಯತ್ಯಾಸವನ್ನು ಕಣ್ಣು ಕ್ಷಮಿಸುತ್ತದೆ.

ಹವೆಯೂ ಇಲ್ಲಿ ಕೆಲಸಗಾರನೇ. ಏಪ್ರಿಲ್–ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ಆಗ ಗನ್ನಿನಿಂದ ಹೊರಟ ಬಣ್ಣದ ಹನಿ ತಗಡು ಮುಟ್ಟುವಷ್ಟರಲ್ಲಿ ಅರ್ಧ ಒಣಗಿ, ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಗಾಳಿಯ ದೂಳು ಬೇರೆ. ಅದಕ್ಕೇ ಬೇಸಿಗೆಯಲ್ಲಿ ಬೆಳಗಿನ ಜಾವದ ಕೆಲಸ. ಮಳೆಗಾಲದಲ್ಲಿ ತೊಂದರೆ ಮತ್ತೊಂದು ಬಗೆಯದು: ಎನ್‌ಸಿ ಪೇಂಟು, ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣ, ಬೇಗ ಆರುವಾಗ ಮೈಯನ್ನು ತಣ್ಣಗೆ ಮಾಡಿ ಗಾಳಿಯ ತೇವವನ್ನು ಮೇಲೆಳೆದುಕೊಳ್ಳುತ್ತದೆ. ಹೊಳೆಯಬೇಕಾದ ಕಪ್ಪು ಬೂದಿ ಹಿಡಿದಂತೆ ಬೆಳ್ಳಗಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಕಾರುಗಳಿಗಾಗಿ ಹೊರತಂದ ಈ ಬಗೆಯ ಬಣ್ಣ ಜಗತ್ತಿನ ಕಾರ್ಖಾನೆಗಳ ವೇಗವನ್ನೇ ಬದಲಿಸಿತು. ಭೀಮಾ ತೀರದ ಜುಲೈ ತಿಂಗಳಿಗೆ ಮಾತ್ರ ಅದು ಒಗ್ಗುವುದಿಲ್ಲ.

ಬೆಳಕು

ಬಣ್ಣ ಹೊಂದಿತೇ ಎಂಬ ತೀರ್ಪು ಬೆಳಕಿನ ಮೇಲೆ ನಿಂತಿದೆ. ಒಂದೇ ರೀತಿ ಕಾಣುವ ಎರಡು ಬಣ್ಣಗಳು ಬೇರೆಬೇರೆ ಪುಡಿಗಳಿಂದ ಆಗಿದ್ದರೆ, ಬೆಳಕು ಬದಲಾದೊಡನೆ ಬೇರೆಯಾಗಿ ಕಾಣಬಹುದು. ಇದಕ್ಕೆ ಮೆಟಾಮೆರಿಸಂ ಎನ್ನುತ್ತಾರೆ. ಟ್ಯೂಬ್‌ಲೈಟಿನ ಕೆಳಗೆ ಹೊಂದಿಸಿದ ಬೂದುಬಣ್ಣ ಹೊರಗೆ ಬಿಸಿಲಲ್ಲಿ ನೇರಳೆ ಛಾಯೆ ತೋರಿಸುವುದು ಇದರಿಂದಲೇ. ಮೂಲ ಬಣ್ಣದಲ್ಲಿದ್ದ ಪುಡಿಗಳನ್ನೇ ಬಳಸಿದರೆ ಈ ಕಾಟ ಕಡಿಮೆ. ಹಾಗಾಗಿ ಒಳ್ಳೆಯ ಪೇಂಟರ್ ‘ಯಾವ ಬಣ್ಣ’ ಎಂದು ಕೇಳುವ ಮೊದಲು ‘ಏನೇನು ಕೂಡಿ ಈ ಬಣ್ಣ ಆಗಿದೆ’ ಎಂದು ಯೋಚಿಸುತ್ತಾನೆ. ವಸ್ತುವನ್ನು ಎಲ್ಲಿ ಇಡುತ್ತಾರೋ ಅಲ್ಲಿನ ಬೆಳಕಿನಲ್ಲಿ ಕೊನೆಯ ತೀರ್ಪು ಆಗಬೇಕು. ಆಟದ ಯಂತ್ರ ಇರುವುದು ಮಬ್ಬು ಕೋಣೆಯಲ್ಲಿ, ಟ್ರಾಕ್ಟರು ಇರುವುದು ಹೊಲದಲ್ಲಿ.

ಐರೋಪ್ಯ ಕೈಪಿಡಿಗಳು ಸಾಮಾನ್ಯವಾಗಿ ಉತ್ತರದ ಕಿಟಕಿಯ ಬೆಳಕನ್ನು ಶಿಫಾರಸು ಮಾಡುತ್ತವೆ. ಅಲ್ಲಿ ಮಧ್ಯಾಹ್ನದ ಸೂರ್ಯ ಎಂದೂ ಉತ್ತರಕ್ಕೆ ಬರುವುದಿಲ್ಲ, ಬೆಳಕು ಒಂದೇ ಸಮ ಇರುತ್ತದೆ. ನಮ್ಮಲ್ಲಿ ಈ ಮಾತನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮೇ ಎರಡನೆಯ ವಾರದಿಂದ ಆಗಸ್ಟ್ ಮೊದಲ ವಾರದ ತನಕ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಉತ್ತರದ ಬಾಗಿಲ ಮುಂದೆ ಬಿಸಿಲೇ ಬಿಸಿಲು. ಆ ತಿಂಗಳುಗಳಲ್ಲಿ ಮಧ್ಯಾಹ್ನಕ್ಕೆ ದಕ್ಷಿಣದ ನೆರಳೇ ಲೇಸು. ಬೇವಿನ ಮರದಡಿ ಬಣ್ಣ ಕಲಸುವುದೂ ತಪ್ಪು. ಎಲೆಗಳಿಂದ ಸೋಸಿ ಬರುವ ಬೆಳಕಿಗೆ ಹಸಿರು ಛಾಯೆ ಇರುತ್ತದೆ. ಅದರಲ್ಲಿ ಹೊಂದಿಸಿದ ಕೆಂಪು ಬಯಲಿಗೆ ಬಂದಾಗ ಹೊಂದಿರುವುದಿಲ್ಲ. ನೆರಳಿಗೆ ಕಟ್ಟಿದ ನೀಲಿ ತಾಡಪತ್ರಿಯೂ ಹೀಗೆಯೇ ದಾರಿ ತಪ್ಪಿಸುತ್ತದೆ.

ಕಲಸುವುದು

ಮೊದಲ ಕೆಲಸ ತೊಳೆಯುವುದು. ಎಣ್ಣೆ, ಮೇಣ, ಹೊಗೆ ಹೋದ ಮೇಲೆ ಉಳಿಯುವುದು ನಿಜವಾದ ಬಣ್ಣ. ಆಮೇಲೆ ಸಣ್ಣದೊಂದು ಜಾಗವನ್ನು ಪಾಲಿಶ್ ಹಾಕಿ ಉಜ್ಜಿದರೆ ಬಿಸಿಲಿಗೆ ಪುಡಿಯಾದ ಪದರ ಹೋಗಿ ಅಡಿಯ ಗಾಢ ಬಣ್ಣ ಮೇಲೆ ಬರುತ್ತದೆ. ವಸ್ತುವನ್ನು ಪೂರ್ತಿ ಪಾಲಿಶ್ ಮಾಡುವುದಿದ್ದರೆ ಹೊಂದಿಸಬೇಕಾದದ್ದು ಈ ಬಣ್ಣಕ್ಕೆ. ಪಾಲಿಶ್ ಮಾಡದೆ ಬಿಡುವುದಿದ್ದರೆ ಮಾಸಿದ್ದಕ್ಕೇ ಹೊಂದಿಸಬೇಕು. ಇದನ್ನು ಮೊದಲೇ ತೀರ್ಮಾನಿಸದೆ ಕಲಸಲು ಕೂತರೆ ದಿನವೆಲ್ಲ ಹಾಳು.

ಕಲಸುವಾಗ ತಿಳಿ ಬಣ್ಣಕ್ಕೆ ಗಾಢ ಬಣ್ಣವನ್ನು ಹನಿಹನಿಯಾಗಿ ಹಾಕಬೇಕೇ ಹೊರತು ಗಾಢಕ್ಕೆ ತಿಳಿಯನ್ನಲ್ಲ. 1935ರಲ್ಲಿ ಮಾರುಕಟ್ಟೆಗೆ ಬಂದ ಥ್ಯಾಲೋಸಯನೀನ್ ನೀಲಿಯಂಥ ಪುಡಿಗಳ ಬಲ ಎಷ್ಟೆಂದರೆ, ಕಡ್ಡಿತುದಿಯಷ್ಟು ಹೆಚ್ಚಾದರೂ ಡಬ್ಬಿ ಪೂರ್ತಿ ನೀಲಿಯಾಗುತ್ತದೆ, ಮತ್ತೆ ಅದನ್ನು ಇಳಿಸಲು ಇನ್ನೊಂದು ಡಬ್ಬಿ ಬಿಳಿ ಬೇಕು. ಹಳದಿಯನ್ನು ಮಂಕು ಮಾಡಲು ಕಪ್ಪು ಹಾಕಿದರೆ ಅದು ಹಸಿರಿಗೆ ಓಡುತ್ತದೆ. ಕೆಮ್ಮಣ್ಣಿನ ಕಂದು ಹಾಕಿದರೆ ಹಳದಿ ಹಳದಿಯಾಗಿಯೇ ಮುಪ್ಪಾಗುತ್ತದೆ. ಮಾಸಿದ ಕೆಂಪಿಗೆಂದು ಬಿಳಿ ಸುರಿದರೆ ಗುಲಾಬಿ ಬರುತ್ತದೆ. ಅದಕ್ಕೆ ಸ್ವಲ್ಪ ಕಿತ್ತಳೆ, ಸ್ವಲ್ಪ ಬೂದು ಸೇರಿಸಿ ಗುಲಾಬಿಯನ್ನು ಅಡಗಿಸಬೇಕು. ಟ್ರಾಕ್ಟರಿನ ಕೆಂಪು ಹೊಂದಿಸುವವರ ಅರ್ಧ ಆಯುಷ್ಯ ಈ ಗುಲಾಬಿಯ ವಿರುದ್ಧ ಹೋರಾಡುವುದರಲ್ಲೇ ಕಳೆಯುತ್ತದೆ.

ಒದ್ದೆ ಬಣ್ಣ ನೋಡಿ ತೀರ್ಪು ಕೊಡುವಂತಿಲ್ಲ. ಸುಣ್ಣ, ಡಿಸ್ಟೆಂಪರು ಒಣಗಿದಾಗ ತಿಳಿಯಾಗುತ್ತವೆ. ನೀರಿನ ಅಕ್ರಿಲಿಕ್ ಬಣ್ಣ ಒಣಗಿದಾಗ ಗಾಢವಾಗುತ್ತದೆ, ಯಾಕೆಂದರೆ ಒದ್ದೆಯಿದ್ದಾಗ ಹಾಲಿನಂತಿದ್ದ ಅಂಟು ಒಣಗಿ ಪಾರದರ್ಶಕವಾಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಬಣ್ಣ ಹಚ್ಚಿ, ಒಣಗಿಸಿ, ಹಾಳೆಯನ್ನು ಕತ್ತರಿಸಿ, ಬಣ್ಣದ ಮೈ ಮೇಲಿರುವಂತೆ ಹಳೆಯ ಬಣ್ಣಕ್ಕೆ ತಾಗಿಸಿ ಇಟ್ಟು ನೋಡುವುದು ಅತ್ಯಂತ ಅಗ್ಗದ ಮತ್ತು ನಂಬಬಹುದಾದ ಪರೀಕ್ಷೆ. ಅಂಚಿನ ಗೆರೆ ಕಣ್ಣಿಗೆ ಕಾಣದಂತಾದರೆ ಸಾಕು.

ಬಣ್ಣ ಸರಿಯಿದ್ದೂ ತೇಪೆ ಕಂಡರೆ ಅಪರಾಧಿ ಹೊಳಪು. ಹೊಳೆಯುವ ಮೈ ಗಾಢವಾಗಿ ಕಾಣುತ್ತದೆ, ಮಂಕು ಮೈ ತಿಳಿಯಾಗಿ. ಎಷ್ಟೋ ಸಲ ಮತ್ತೆ ಕಲಸಬೇಕಾಗಿಲ್ಲ. 2000 ಸಂಖ್ಯೆಯ ನೀರುಕಾಗದದಿಂದ ತೇಪೆಯನ್ನು ಮೆಲ್ಲಗೆ ಉಜ್ಜಿ ಹೊಳಪು ಇಳಿಸಿದರೆ ಕೆಲಸ ಮುಗಿಯುತ್ತದೆ.

ಸಂಖ್ಯೆಗಳು

ಬಣ್ಣಕ್ಕೆ ವಿಳಾಸ ಕೊಡುವ ಪ್ರಯತ್ನ ಹಳೆಯದು. ಅಮೆರಿಕದ ಚಿತ್ರಕಲಾ ಅಧ್ಯಾಪಕ ಆಲ್ಬರ್ಟ್ ಮನ್ಸೆಲ್ 1905ರಲ್ಲಿ ಬಣ್ಣವನ್ನು ವರ್ಣ, ಬೆಳಕಿನ ಮಟ್ಟ, ತೀವ್ರತೆ ಎಂಬ ಮೂರು ಅಳತೆಗಳಲ್ಲಿ ಹೇಳುವ ಕ್ರಮ ತಂದ. ಜರ್ಮನಿಯ ರಾಲ್ ಪಟ್ಟಿ 1927ರಲ್ಲಿ ಶುರುವಾಯಿತು. ಭಾರತದಲ್ಲಿ ಎನಾಮಲ್ ಮತ್ತು ಸಿದ್ಧ ಪೇಂಟುಗಳ ಬಣ್ಣಗಳಿಗೆ ಐಎಸ್ 5 ಎಂಬ ಮಾನಕವಿದೆ; ಅದರಲ್ಲಿ 537 ಸಿಗ್ನಲ್ ರೆಡ್, 538 ಪೋಸ್ಟ್ ಆಫೀಸ್ ರೆಡ್, 356 ಗೋಲ್ಡನ್ ಯೆಲ್ಲೋ. ಸರ್ಕಾರಿ ಟೆಂಡರುಗಳಲ್ಲಿ ಇಂದಿಗೂ ಈ ಸಂಖ್ಯೆಗಳು ಕಾಣುತ್ತವೆ. 1976ರ ಸಿಐಇ ಲ್ಯಾಬ್ ಪದ್ಧತಿ ಎರಡು ಬಣ್ಣಗಳ ನಡುವಿನ ಅಂತರವನ್ನು ಒಂದೇ ಅಂಕಿಯಲ್ಲಿ ಹೇಳುತ್ತದೆ. ಸ್ಥೂಲವಾಗಿ ಅದು 1ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ತಿಳಿಯದು. ಪೇಂಟಂಗಡಿಯ ಟಿಂಟಿಂಗ್ ಯಂತ್ರಕ್ಕೆ ಜೋಡಿಸುವ ಸ್ಪೆಕ್ಟ್ರೋಫೋಟೋಮೀಟರ್ ಈ ಲೆಕ್ಕವನ್ನೇ ಮಾಡುತ್ತದೆ. ಸಪಾಟಾದ, ಶುದ್ಧವಾದ, ಒಂದೇ ಬಣ್ಣದ ಚೂರು ಸಿಕ್ಕರೆ ಯಂತ್ರ ಚೆನ್ನಾಗಿ ಓದುತ್ತದೆ. ಹ್ಯಾಮರ್‌ಟೋನ್, ಮೆಟಾಲಿಕ್, ಪುಡಿಯಾದ ಮೈ ಎದುರಾದರೆ ಅದು ಕೊಡುವ ಸೂತ್ರ ಬರೀ ಆರಂಭ. ಉಳಿದದ್ದು ಕಣ್ಣಿನ ಕೆಲಸ.

  

ಹೊಂದಿಸಲೇಬೇಕೇ?

ಸ್ಮಾರಕಗಳ ಲೋಕದಲ್ಲಿ ಈ ಪ್ರಶ್ನೆಗೆ ಉತ್ತರ ಬೇರೆ. ಬೀದರಿನ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗೋರಿಯಿದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದ ಈ ದೊರೆ ತೀರಿಕೊಂಡದ್ದು 1436ರಲ್ಲಿ. ಗುಮ್ಮಟದ ಒಳಮೈ ತುಂಬ ಕೆಂಪು, ನೀಲಿ, ಬಂಗಾರದ ಬಣ್ಣದಲ್ಲಿ ಬಳ್ಳಿವಿನ್ಯಾಸ ಮತ್ತು ಕ್ಯಾಲಿಗ್ರಫಿ ಇದೆ. ಆಳಂದ ತಾಲ್ಲೂಕಿಗೂ ಈ ಗೋಡೆಗೂ ಸಂಬಂಧವುಂಟು: ಸುಲ್ತಾನನನ್ನು ಅಲ್ಲಮಪ್ರಭುವಿನ ರೂಪವೆಂದು ಕಾಣುವ ಭಕ್ತರಿದ್ದಾರೆ, ಹೋಳಿಯ ನಂತರ ನಡೆಯುವ ಉರುಸಿಗೆ ಆ ತಾಲ್ಲೂಕಿನ ಮಾಡಿಯಾಳದ ಜಂಗಮರು ಬರುವ ಪರಂಪರೆ ಇದೆ. ದೀಪ, ಲೋಬಾನ, ಬಾವಲಿ, ಮಳೆನೀರು, ಇವು ಯಾವುದೇ ಹಳೆಯ ಗುಮ್ಮಟದೊಳಗಿನ ಬಣ್ಣದ ಶತ್ರುಗಳು. ಇಂಥ ಕಡೆ ಉದುರಿದ ಹೂವನ್ನು ಪಕ್ಕದ ಹೂವು ನೋಡಿ ಮತ್ತೆ ಬರೆದರೆ ಅದು ದುರಸ್ತಿಯಲ್ಲ, ಹೊಸ ಚಿತ್ರ.

ಈ ಎಚ್ಚರ ಕಲಿಸಿದ ಪಾಠಗಳಲ್ಲಿ ಒಂದು ನಿಜಾಮರ ಹೈದರಾಬಾದ್ ಸಂಸ್ಥಾನದ್ದೇ. 1914ರಲ್ಲಿ ಗುಲಾಂ ಯಜ್ದಾನಿಯವರ ನೇತೃತ್ವದಲ್ಲಿ ಸ್ಥಾಪನೆಯಾದ ಸಂಸ್ಥಾನದ ಪುರಾತತ್ವ ಇಲಾಖೆಯ ವ್ಯಾಪ್ತಿಗೆ ಅಜಂತಾ, ಬೀದರ್, ಕಲಬುರಗಿ ಎಲ್ಲವೂ ಬರುತ್ತಿದ್ದವು. 1920ರಿಂದ 1922ರ ನಡುವೆ ಇಟಲಿಯ ಲೊರೆಂಝೊ ಚೆಕೋನಿ ಮತ್ತು ಸಂಗಡಿಗ ಓರ್ಸಿನಿ ಅಜಂತಾ ಚಿತ್ರಗಳ ಪದರ ಕಳಚದಂತೆ ಭದ್ರಪಡಿಸಿದರು. ಮೇಲೆ ಅರಗಿನ ವಾರ್ನಿಷ್ ಬಳಿದರು. ಪದರ ಉಳಿಯಿತು, ಆದರೆ ಅರಗು ವರ್ಷ ಕಳೆದಂತೆ ಹಳದಿಯಾಗಿ ಚಿತ್ರದ ಬಣ್ಣಗಳನ್ನೆಲ್ಲ ಬದಲಿಸಿತು. ಅದನ್ನು ತೆಗೆಯುವ ಕೆಲಸ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಸಾಯನ ತಜ್ಞರಿಗೆ ದಶಕಗಳ ಕಾಲ ಉಳಿಯಿತು. ಚೆಕೋನಿ ಕಾಲದ ಜ್ಞಾನಕ್ಕೆ ಅದು ಸರಿಯಾದ ಕ್ರಮವೇ ಆಗಿತ್ತೆಂಬುದನ್ನೂ ಹೇಳಬೇಕು. ಅವರು ಇಲ್ಲದಿದ್ದರೆ ತೆಗೆಯಲು ವಾರ್ನಿಷೂ ಇರುತ್ತಿರಲಿಲ್ಲ, ಕೆಳಗಿನ ಚಿತ್ರವೂ.

ಇಟಲಿಯವರೇ ಮುಂದೆ ಮಧ್ಯಮಾರ್ಗವೊಂದನ್ನು ಕಂಡುಕೊಂಡರು. 1940ರ ದಶಕದಲ್ಲಿ ರೋಮಿನ ಕೇಂದ್ರ ಸಂರಕ್ಷಣಾ ಸಂಸ್ಥೆಯಲ್ಲಿ ಚೆಸಾರೆ ಬ್ರಾಂಡಿ ಮತ್ತು ಸಂಗಡಿಗರು ರೂಪಿಸಿದ ‘ತ್ರತೆಜ್ಜೊ’ ವಿಧಾನದಲ್ಲಿ ಖಾಲಿ ಜಾಗವನ್ನು ಸಣ್ಣ ಸಣ್ಣ ಲಂಬ ಗೆರೆಗಳಿಂದ ತುಂಬುತ್ತಾರೆ. ದೂರದಿಂದ ಬಣ್ಣ ಹೊಂದಿ ಚಿತ್ರ ಪೂರ್ಣವಾಗಿ ಕಾಣುತ್ತದೆ. ಹತ್ತಿರ ಹೋದರೆ ಗೆರೆ ಕಂಡು, ಇದು ಸೇರಿಸಿದ್ದೆಂದು ತಿಳಿಯುತ್ತದೆ. ಹೊಸ ಭಾಗ ಒಟ್ಟಿನಲ್ಲಿ ಹೊಂದಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸುವಂತಿರಬೇಕು ಎಂದು ಸ್ಮಾರಕ ಸಂರಕ್ಷಣೆಯ 1964ರ ವೆನಿಸ್ ಸನ್ನದು ಹೇಳಿತು.

ನಮ್ಮ ಗುಡಿ, ಮಠ, ದರ್ಗಾಗಳಲ್ಲಿ ನಡೆಯುವುದು ಇದರ ಇನ್ನೊಂದು ತುದಿ. ಜಾತ್ರೆ, ಉರುಸು ಬಂದಾಗಲೆಲ್ಲ ಎಣ್ಣೆಬಣ್ಣದ ಹೊಸ ಕೋಟು. ಪೂಜೆಗೊಳ್ಳುವ ಜಾಗ ಹೊಸದಾಗಿ ಕಾಣಬೇಕೆಂಬ ಭಕ್ತರ ಆಸೆಯಲ್ಲಿ ತಪ್ಪೇನಿಲ್ಲ. ಆದರೆ ಕೆತ್ತಿದ ಕಲ್ಲಿಗೆ ಎನಾಮಲ್ ಹಚ್ಚುವುದು ಬೇರೆ ಮಾತು: ಕಲ್ಲಿನ ತೇವ ಹೊರಬರಲಾಗದೆ ಒಳಗೇ ಉಳಿದು, ಪದರದೊಡನೆ ಕಲ್ಲಿನ ಮೈಯೂ ಕಳಚುತ್ತದೆ. ಮರದ ತೇರು, ಬಾಗಿಲುಗಳಲ್ಲಿ ಕೆರೆದು ಹಚ್ಚುವಾಗಲೆಲ್ಲ ಹಿಂದಿನ ಬಣ್ಣಗಳ ಪುರಾವೆ ಕಸಕ್ಕೆ ಹೋಗುತ್ತದೆ. ಕೆರೆಯುವ ಮುನ್ನ ಮರೆಯಾದ ಒಂದು ಮೂಲೆಯನ್ನು ಹಾಗೇ ಬಿಡುವುದು ಖರ್ಚಿಲ್ಲದ ಕೆಲಸ.

ಕೆರೆಯುವುದಕ್ಕೆ ಇನ್ನೊಂದು ಅಪಾಯವಿದೆ, ಸೀಸ. ಮನೆ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮ ಜಾರಿಯಾದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಹಳದಿ, ಕಿತ್ತಳೆ, ಎಲೆಹಸಿರು ಎನಾಮಲ್‌ಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಒಣದಾಗಿ ಉಜ್ಜಿದರೆ ದೂಳು ಉಸಿರಿಗೆ ಹೋಗುತ್ತದೆ, ಮಕ್ಕಳ ಕೈಗೆ ಹತ್ತುತ್ತದೆ. ನೀರು ಹಾಕಿಕೊಂಡು ಉಜ್ಜಬೇಕು, ಆ ರಾಡಿಯನ್ನು ಒರೆಸಿ ಕಟ್ಟಿ ಎಸೆಯಬೇಕು. ಎರಡು ಡಬ್ಬಿ ಕೂಡಿಸಿ ಹೊಡೆಯುವ ಪಿಯು, ಅಂದರೆ ಪಾಲಿಯುರೆಥೇನ್ ಬಣ್ಣದ ಗಟ್ಟಿಕಾರಕದಲ್ಲಿರುವ ಐಸೋಸಯನೇಟ್ ಆಸ್ತಮಾ ತರಬಲ್ಲದು. ಮೂಗಿಗೆ ಕಟ್ಟುವ ಟವೆಲ್ಲು ಅದನ್ನು ತಡೆಯುವುದಿಲ್ಲ, ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡವೇ ಬೇಕು.

ಕಲಸಿ ಉಳಿದ ಬಣ್ಣವನ್ನು ಸಣ್ಣ ಗಾಜಿನ ಸೀಸೆಯಲ್ಲಿ ಕುತ್ತಿಗೆಯ ತನಕ ತುಂಬಿಸಿಟ್ಟರೆ ಗಾಳಿ ತಾಗದೆ ಹೆಚ್ಚು ಕಾಲ ಕೆನೆಗಟ್ಟುವುದಿಲ್ಲ. ಸೀಸೆಯ ಮೇಲೆ ಯಾವ ಪೇಂಟು, ಯಾವ ಸ್ಟೇನರು, ಎಷ್ಟು ಹನಿ, ಯಾವ ತಿಂಗಳು ಎಂದು ಬರೆದಿಡಬೇಕು. ಎರಡು ವರ್ಷ ಬಿಟ್ಟು ಅದೇ ಬೀರಿಗೆ ಮತ್ತೆ ಹಚ್ಚುವುದಾದರೆ ಆ ಬಣ್ಣ ನೇರವಾಗಿ ಹೊಂದುವುದಿಲ್ಲ. ಸೂತ್ರ ಹಿಡಿದು ಅಲ್ಲಿಂದ ಮುಂದಕ್ಕೆ ಕಲಸಬೇಕಾಗುತ್ತದೆ.